ಘಟ್ಟದ ತಲೆ: ತಾಳವಾಡಿಯ ಆಡಳಿತದ ಹಿಂದಿರುವ ಯುದ್ಧಗಳು

ತಾಲ್ಲೂಕೊಂದರ ಆಡಳಿತ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸರ್ಕಾರಿ ಆದೇಶದಿಂದ ಶುರು ಮಾಡುತ್ತಾರೆ. ಯಾವಾಗ ಕಚೇರಿ ಬಂತು, ಯಾವ ಯಾವ ಗ್ರಾಮ ಸೇರಿದವು, ಮೊದಲ ತಹಸೀಲ್ದಾರರು ಯಾರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ತಾಳವಾಡಿಯ ಮಟ್ಟಿಗೆ ಅಷ್ಟು ಬರೆದು ಕೈತೊಳೆದುಕೊಂಡರೆ ಮುಖ್ಯ ಪ್ರಶ್ನೆಯೇ ಉಳಿದುಬಿಡುತ್ತದೆ. ನಮ್ಮ ಊರುಗಳು ಘಟ್ಟದ ಮೇಲಿವೆ. ಭೂಮಿಯ ಲಕ್ಷಣದಲ್ಲಿ ಇದು ಮೈಸೂರು ಸೀಮೆಯದೇ ಮುಂದುವರಿಕೆ. ಮನೆಮಾತು ಕನ್ನಡ. ಹತ್ತಿರದ ದೊಡ್ಡ ಪೇಟೆ ಚಾಮರಾಜನಗರ. ಹೀಗಿರುವಾಗ ನಮ್ಮ ಜಮೀನಿನ ಪಟ್ಟಾ ಈರೋಡು ಜಿಲ್ಲೆಯ ಹೆಸರಿನಲ್ಲಿ ಏಕಿದೆ? ಗಡಿ ಬೆಟ್ಟದ ಬುಡದಲ್ಲಿ ನಿಲ್ಲದೆ ಇಲ್ಲಿಯವರೆಗೆ ಹತ್ತಿ ಬಂದದ್ದು ಹೇಗೆ?

ಇದಕ್ಕೆ 1956ರ ರಾಜ್ಯ ಪುನರ್ವಿಂಗಡಣೆಯನ್ನು ಕಾರಣವಾಗಿ ಹೇಳುವುದು ವಾಡಿಕೆ. ಆದರೆ 1956ರಲ್ಲಿ ನಮ್ಮ ಕಡೆಯ ಗಡಿ ಬದಲಾಗಲಿಲ್ಲ ಎಂಬುದಷ್ಟೇ ನಿಜ. ಗಡಿ ಹುಟ್ಟಿದ್ದು 1799ರಲ್ಲಿ. ಅದರ ಹಿಂದೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ಅಮೆರಿಕದ ನದೀಮುಖದಿಂದ ಈಜಿಪ್ಟಿನ ಮರಳುಗಾಡಿನವರೆಗೆ ನಡೆಸಿದ ಜಗಳವಿದೆ. ಆ ಜಗಳ ನಮ್ಮ ಕಡೆ ಹಾದುಹೋದದ್ದು ಒಂದು ಕಣಿವೆಯ ಮೂಲಕ: ಗಜ್ಜಲಹಟ್ಟಿ.

ಈಗಿನವರಿಗೆ ಘಾಟಿ ಎಂದರೆ ದಿಂಬಂ, ಅದರ ಇಪ್ಪತ್ತೇಳು ತಿರುವು. ಹಾಸನೂರಿನ ಮೇಲೆ ಹೋಗುವ ಈ ರಸ್ತೆ ಬ್ರಿಟಿಷರ ಕಾಲದ್ದು. ಅದಕ್ಕಿಂತ ಮೊದಲು ಮೈಸೂರಿನಿಂದ ಕೊಯಮತ್ತೂರು ಸೀಮೆಗೆ ಇಳಿಯುವ ಮುಖ್ಯ ದಾರಿ ಪಶ್ಚಿಮಕ್ಕಿತ್ತು. ತಲಮಲೆಯ ಕಡೆಯಿಂದ ಇಳಿದು, ಮೋಯಾರ್ ಹೊಳೆಯ ಕಣಿವೆ ಹಿಡಿದು, ಮೋಯಾರ್ ಭವಾನಿಯನ್ನು ಕೂಡುವಲ್ಲಿದ್ದ ದಣ್ಣಾಯಕನಕೋಟೆ ಮುಟ್ಟಿ, ಅಲ್ಲಿಂದ ಸತ್ಯಮಂಗಲಕ್ಕೆ. ಕೋಟೆಯ ಹೆಸರೇ ಹೇಳುವಂತೆ ಅದು ಹೊಯ್ಸಳರ ದಣ್ಣಾಯಕರದು. ಮೂರನೆಯ ಬಲ್ಲಾಳನ ಕಾಲದಲ್ಲಿ ಮಾಧವ ದಣ್ಣಾಯಕ ಇಲ್ಲಿಂದ ಆಳಿದ. ಗುಂಡ್ಲುಪೇಟೆ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯದ ಜತೆಗೂ ಅವನ ಹೆಸರು ಸೇರಿಕೊಂಡಿದೆ. ಅಂದರೆ ಘಟ್ಟದ ಮೇಲು ಮತ್ತು ಕೆಳಗು ಒಬ್ಬನೇ ಅಧಿಕಾರಿಯ ಕೈಯಲ್ಲಿತ್ತು. 17ನೆಯ ಶತಮಾನದ ನಡುವಿಗೆ, ಕಂಠೀರವ ನರಸರಾಜ ಒಡೆಯರ ದಿನಗಳಲ್ಲಿ, ಕೋಟೆ ಮೈಸೂರಿಗೆ ಬಂತು. ಮುಂದೆ ಕೊಯಮತ್ತೂರೂ ಸೇರಿತು. ಆಗ ತಾಳವಾಡಿಯ ಬೆಟ್ಟ ಗಡಿಯಲ್ಲ, ರಾಜ್ಯದ ಹೊಟ್ಟೆಯೊಳಗಿನ ದಾರಿ. ದಣ್ಣಾಯಕನಕೋಟೆ ಈಗ ಭವಾನಿಸಾಗರದ ನೀರಿನಡಿ ಇದೆ. 1955ರಲ್ಲಿ ಅಣೆಕಟ್ಟು ಮುಗಿದ ಮೇಲೆ, ಬರಗಾಲದಲ್ಲಿ ನೀರು ಇಳಿದಾಗಷ್ಟೇ ಅಲ್ಲಿನ ಗುಡಿ ಕಾಣಿಸುತ್ತದೆ.

ಕಂಪನಿಯವರಿಗೆ ಈ ದಾರಿಯ ಬೆಲೆ ತಿಳಿದದ್ದು ಮೊದಲನೆಯ ಮೈಸೂರು ಯುದ್ಧದಲ್ಲಿ. 1768ರಲ್ಲಿ ಕರ್ನಲ್ ವುಡ್ ಕೊಯಮತ್ತೂರು ಸೀಮೆಯ ಕೋಟೆಗಳನ್ನೂ ಕಣಿವೆಗಳನ್ನೂ ಒಂದೊಂದಾಗಿ ಹಿಡಿದು, ಪ್ರತಿಯೊಂದರಲ್ಲೂ ಸಣ್ಣ ಸಣ್ಣ ಪಹರೆ ಇಟ್ಟು ಹೋದ. ವರ್ಷದ ಕೊನೆಗೆ ಹೈದರನ ಪಡೆ ಘಟ್ಟ ಇಳಿಯಿತು. ಕೆಲವೇ ವಾರಗಳಲ್ಲಿ ಆ ಪಹರೆಗಳೆಲ್ಲ ಕರಗಿದವು. ಬೆಟ್ಟದ ಬುಡದಲ್ಲಿ ಕಾವಲು ಕೂತರೆ ಪ್ರಯೋಜನವಿಲ್ಲ, ಮೇಲಿನಿಂದ ಇಳಿಯುವವನದೇ ಮೇಲುಗೈ ಎಂಬ ಪಾಠ ಅವರ ದಫ್ತರಕ್ಕೆ ಆಗಲೇ ಸೇರಿತು. ಮೂವತ್ತು ವರ್ಷ ಕಳೆದು ಗಡಿ ಎಳೆಯುವಾಗ ಇದೇ ಪಾಠ ಕೆಲಸಕ್ಕೆ ಬಂತೆಂಬುದು ನನ್ನ ಅಭಿಪ್ರಾಯ.

ಎರಡನೆಯ ಮೈಸೂರು ಯುದ್ಧವನ್ನು ನಮ್ಮ ಶಾಲಾ ಪುಸ್ತಕಗಳು ಹೈದರ ಮತ್ತು ಇಂಗ್ಲಿಷರ ನಡುವಿನ ಮನಸ್ತಾಪ ಎಂಬಂತೆ ಹೇಳುತ್ತವೆ. ಅದು ಅರ್ಧ ಸತ್ಯ. 1778ರ ಫೆಬ್ರವರಿ 6ರಂದು ಫ್ರಾನ್ಸ್ ಬಂಡಾಯವೆದ್ದ ಅಮೆರಿಕದ ವಸಾಹತುಗಳ ಜತೆ ಒಪ್ಪಂದ ಮಾಡಿಕೊಂಡಿತು. ಆ ಸುದ್ದಿಯ ಬೆನ್ನಿಗೇ ಕಂಪನಿ ಇಲ್ಲಿನ ಫ್ರೆಂಚ್ ನೆಲೆಗಳ ಮೇಲೆ ಬಿತ್ತು. ಅಕ್ಟೋಬರ್‌ನಲ್ಲಿ ಪಾಂಡಿಚೇರಿ ಹೋಯಿತು, 1779ರ ಮಾರ್ಚ್‌ನಲ್ಲಿ ಮಾಹೆ. ಹೈದರನಿಗೆ ಫ್ರೆಂಚ್ ಮದ್ದುಗುಂಡು ಬರುತ್ತಿದ್ದ ಬಂದರು ಮಾಹೆ. ಅದನ್ನು ಮುಟ್ಟಬೇಡಿ ಎಂದು ಅವನು ಮೊದಲೇ ಎಚ್ಚರಿಸಿದ್ದ. ಫಿಲಡೆಲ್ಫಿಯಾದಲ್ಲಿ ಎದ್ದ ಗಲಾಟೆಗೆ ಶ್ರೀರಂಗಪಟ್ಟಣದಲ್ಲಿ ಕುದುರೆಗೆ ಜೀನು ಬಿಗಿದದ್ದು ಹೀಗೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1780ರ ಜುಲೈನಲ್ಲಿ ಹೈದರ ಕರ್ನಾಟಿಕ್ ಬಯಲಿಗೆ ಇಳಿದ. ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನಿರ್ನಾಮವಾಯಿತು. ಮೈಸೂರಿನ ಬಾಣಗಳೂ ಮದ್ದಿನ ಗಾಡಿಗಳ ಸ್ಫೋಟವೂ ಸೇರಿ ಆದ ಆ ಸೋಲಿಗೆ ಸಮನಾದದ್ದನ್ನು ಕಂಪನಿ ಅಲ್ಲಿಯವರೆಗೆ ಕಂಡಿರಲಿಲ್ಲ. ಮುದಿ ಸೇನಾನಿ ಐರ್ ಕೂಟ್ ಬಂಗಾಳದಿಂದ ಬಂದು 1781ರ ಜುಲೈ 1ರಂದು ಪೋರ್ಟೊನೊವೊದಲ್ಲಿ ಗೆದ್ದು ಮದರಾಸನ್ನು ಉಳಿಸಿಕೊಂಡ. ಯುದ್ಧದ ತಿರುವು ಅದೇ ಎನ್ನುವವರಿದ್ದಾರೆ. 1782ರಲ್ಲಿ ಫ್ರೆಂಚ್ ನೌಕಾಪತಿ ಸಫ್ರೆನ್ ಬಂದ. ಸದ್ರಾಸಿನಿಂದ ಕಡಲೂರಿನವರೆಗೆ ಒಂದೂವರೆ ವರ್ಷದೊಳಗೆ ಐದು ಕದನ ನಡೆದವು, ಐದರಲ್ಲೂ ಯಾರೂ ಪೂರ್ತಿ ಗೆಲ್ಲಲಿಲ್ಲ. ಡಚ್ಚರೂ ಯುದ್ಧಕ್ಕೆ ಸಿಕ್ಕಿ ನಾಗಪಟ್ಟಣವನ್ನು ಕಳೆದುಕೊಂಡರು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ ತೀರಿಕೊಂಡ. ಅದೇ ವರ್ಷ ಏಪ್ರಿಲ್‌ನಲ್ಲಿ, ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ, ಪೆನ್ಸಿಲ್ವೇನಿಯಾದ ಒಂದು ಹಡಗು ಬ್ರಿಟಿಷ್ ಹಡಗನ್ನು ಸೆರೆಹಿಡಿದಿತ್ತು. ಗೆದ್ದ ಹಡಗಿನ ಹೆಸರು ‘ಹೈದರ್ ಅಲಿ’. ಅಲ್ಲಿನವರು ಅವನನ್ನು ಕಂಡವರಲ್ಲ. ಶತ್ರುವಿನ ಶತ್ರು ಎಂಬ ಒಂದೇ ಅಭಿಮಾನ.

ಈ ದೊಡ್ಡ ಯುದ್ಧ ತಾಳವಾಡಿಯ ಬುಡಕ್ಕೆ ಬಂದು ಮುಟ್ಟಿದ್ದು 1783ರ ಕೊನೆಯಲ್ಲಿ. ಯುರೋಪಿನಲ್ಲಿ ಶಾಂತಿಯಾದ ಸುದ್ದಿ ಜೂನ್ ಕೊನೆಗೆ ಕಡಲೂರಿಗೆ ತಲುಪಿತ್ತು. ಅಲ್ಲಿ ಮುತ್ತಿಗೆಯಲ್ಲಿ ತೊಡಗಿದ್ದ ಇಂಗ್ಲಿಷರೂ ಒಳಗಿದ್ದ ಬುಸ್ಸಿಯ ಫ್ರೆಂಚರೂ ಕತ್ತಿ ಕೆಳಗಿಟ್ಟರು. ಮಂಗಳೂರಿನಲ್ಲಿ ಟಿಪ್ಪುವಿನ ಜತೆ ಮುತ್ತಿಗೆಯಲ್ಲಿದ್ದ ಫ್ರೆಂಚರೂ ಹಿಂದೆ ಸರಿದರು. ಟಿಪ್ಪು ಒಬ್ಬನೇ ಉಳಿದ, ಅವನ ಸೈನ್ಯದ ದೊಡ್ಡ ಭಾಗ ಮಂಗಳೂರಿನ ಕೋಟೆಯ ಮುಂದೆಯೇ ಕೂತಿತ್ತು. ಆ ಹೊತ್ತಿಗೆ ದಕ್ಷಿಣದಲ್ಲಿ ಕರ್ನಲ್ ವಿಲಿಯಂ ಫುಲ್ಲರ್ಟನ್ ಧಾರಾಪುರ ಹಿಡಿದು, ನವೆಂಬರ್‌ನಲ್ಲಿ ಪಾಲಕ್ಕಾಡಿನ ಗಟ್ಟಿ ಕೋಟೆಯನ್ನೂ ತಿಂಗಳ ಕೊನೆಗೆ ಕೊಯಮತ್ತೂರನ್ನೂ ವಶಮಾಡಿಕೊಂಡ. ಉಗ್ರಾಣದಲ್ಲಿ ದವಸ ಬೇಕಾದಷ್ಟಿತ್ತು. ಮುಂದಿದ್ದದ್ದು ಗಜ್ಜಲಹಟ್ಟಿ, ಅದರಾಚೆಗೆ ತಡೆಯುವವರಿಲ್ಲದ ಶ್ರೀರಂಗಪಟ್ಟಣ. ಅವನ ಲೆಕ್ಕಾಚಾರ ಹುಚ್ಚಾಟವಾಗಿರಲಿಲ್ಲ.

ಅಷ್ಟರಲ್ಲಿ ಮದರಾಸಿನಿಂದ ಆಜ್ಞೆ ಬಂತು: ಹಿಂದೆ ಸರಿ. ಗವರ್ನರ್ ಮಕಾರ್ಟ್ನಿ ಕಳಿಸಿದ ಸಂಧಾನಕಾರರು ಟಿಪ್ಪುವನ್ನು ಕಾಣಲು ದಾರಿಯಲ್ಲಿದ್ದರು. ಅವರ ಮಾತುಕತೆಗೆ ಭಂಗ ಬರಬಾರದೆಂದು ಸೇನೆಗೆ ಲಗಾಮು ಹಾಕಿದರು. 1784ರ ಜನವರಿ ಕೊನೆಗೆ ಮಂಗಳೂರು ಟಿಪ್ಪುವಿಗೆ ಶರಣಾಯಿತು, ಮಾರ್ಚ್ 11ರಂದು ಒಪ್ಪಂದಕ್ಕೆ ರುಜು ಬಿತ್ತು, ಹಿಡಿದದ್ದನ್ನೆಲ್ಲ ಇಬ್ಬರೂ ಮರಳಿಸಿದರು. ಫುಲ್ಲರ್ಟನ್ ಮುಂದೆ ಬರೆದ ಪುಸ್ತಕದಲ್ಲಿ ಆ ಕೈತಪ್ಪಿದ ಅವಕಾಶದ ಬಗ್ಗೆ ಸಂಕಟಪಟ್ಟಿದ್ದಾನೆ. ಅವನು ಹತ್ತಿ ಬಂದಿದ್ದರೆ ಇಂಗ್ಲಿಷರ ಫಿರಂಗಿಯನ್ನು ಮೈಸೂರಿನ ಮೇಲುಸೀಮೆಯಲ್ಲಿ ಮೊದಲು ನೋಡುವ ಭಾಗ್ಯವೋ ದುರ್ಭಾಗ್ಯವೋ ನಮ್ಮ ಹಳ್ಳಿಗಳಿಗೇ ಬರುತ್ತಿತ್ತು.

ಏಳು ವರ್ಷದ ಮೇಲೆ ಅದೇ ಯೋಜನೆ ಮತ್ತೆ ಮೇಜಿನ ಮೇಲೆ ಬಂತು. ಟಿಪ್ಪು 1789ರ ಡಿಸೆಂಬರ್ ಕೊನೆಗೆ ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದಿದ್ದ. ಫ್ರಾನ್ಸಿನಿಂದ ನೆರವು ಬರುವ ಹಾಗಿರಲಿಲ್ಲ. 1788ರಲ್ಲಿ ಅವನ ರಾಯಭಾರಿಗಳು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡು ಬರಿಗೈಲಿ ಮರಳಿದ್ದರು. ಮರುವರ್ಷ ಲೂಯಿಯ ಸಿಂಹಾಸನವೇ ಅಲುಗಾಡಿತು. ಮದರಾಸಿನ ಗವರ್ನರ್, ಜನರಲ್ ಮೆಡೋಸ್ ತಾನೇ ದಂಡು ಕಟ್ಟಿಕೊಂಡು 1790ರ ಜುಲೈನಲ್ಲಿ ಕೊಯಮತ್ತೂರು ಸೇರಿದ. ಗುರಿ ಗಜ್ಜಲಹಟ್ಟಿ. ಆದರೆ ಘಟ್ಟ ಹತ್ತುವ ಮೊದಲು ಬೆನ್ನ ಹಿಂದಿನ ಕೋಟೆಗಳನ್ನೆಲ್ಲ ಹಿಡಿದು ದವಸ ತುಂಬಿಸಬೇಕೆಂದು ಸೈನ್ಯವನ್ನು ಮೂರು ಪಾಲು ಮಾಡಿದ. ತಾನು ಕೊಯಮತ್ತೂರಿನಲ್ಲಿ, ಕರ್ನಲ್ ಸ್ಟುವರ್ಟ್ ಪಾಲಕ್ಕಾಡಿನಲ್ಲಿ, ಕರ್ನಲ್ ಫ್ಲಾಯ್ಡ್ ಸತ್ಯಮಂಗಲದಲ್ಲಿ. ನಕ್ಷೆಯ ಮೇಲೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ನೆಲದ ಮೇಲೆ ಮೂರು ಪಾಲೂ ಒಂದಕ್ಕೊಂದು ಕೂಗಿದರೆ ಕೇಳದಷ್ಟು ದೂರ.

ಫ್ಲಾಯ್ಡ್ ಕುದುರೆ ದಳದ ಮನುಷ್ಯ, ಸುದ್ದಿ ಸಂಗ್ರಹಿಸುವುದರಲ್ಲಿ ಚುರುಕು. ಆಗಸ್ಟ್ ಕೊನೆಗೆ ಸತ್ಯಮಂಗಲದ ಕೋಟೆ ಹಿಡಿದ ಮೇಲೆ, ಟಿಪ್ಪು ಘಟ್ಟ ಇಳಿಯುವ ಸಿದ್ಧತೆಯಲ್ಲಿದ್ದಾನೆ ಎಂದು ಮೆಡೋಸ್‌ಗೆ ಬರೆದ. ಮೆಡೋಸ್ ನಂಬಲಿಲ್ಲ, ಇದ್ದಲ್ಲೇ ಇರು ಎಂದ. ಟಿಪ್ಪು ಸೆಪ್ಟೆಂಬರ್ ಮೊದಲಲ್ಲಿ ಶ್ರೀರಂಗಪಟ್ಟಣ ಬಿಟ್ಟ. ಒಂದು ವಾರದಲ್ಲಿ, ಸುಮಾರು ನಲವತ್ತು ಸಾವಿರ ಜನ, ಕುದುರೆ, ಫಿರಂಗಿ ಎಳೆಯುವ ಎತ್ತು, ದವಸದ ಹೇರು ಎಲ್ಲ ಕಟ್ಟಿಕೊಂಡು ಘಟ್ಟದ ತಲೆಗೆ ಬಂದ. ಅಷ್ಟು ದೊಡ್ಡ ದಂಡು ನಮ್ಮ ಈ ಕಾಡುಮೇಡಿನ ಸೀಮೆಯಲ್ಲಿ ಹಾದು ಗಜ್ಜಲಹಟ್ಟಿ ಇಳಿದದ್ದನ್ನು ಸೇನಾ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆ ಎತ್ತುಗಳು ಯಾವ ಕೆರೆಯ ನೀರು ಕುಡಿದವು, ಯಾರ ಹೊಲದ ರಾಗಿ ಮೇದವು ಎಂಬುದು ಸೇನಾ ಚರಿತ್ರಕಾರನ ವಿಷಯವಲ್ಲ. ನಮ್ಮ ವಿಷಯ ಅದೇ ಆಗಬೇಕಿತ್ತು, ಬರೆದಿಟ್ಟವರಿಲ್ಲ.

ಸೆಪ್ಟೆಂಬರ್ 13ರ ಬೆಳಗ್ಗೆ ಟಿಪ್ಪುವಿನ ಸೈನ್ಯದ ಒಂದು ಭಾಗ ಪೂಂಗಾರ್ ಕಡವಿನಲ್ಲಿ ಭವಾನಿ ದಾಟಿ ದಕ್ಷಿಣ ದಡದಲ್ಲಿದ್ದ ಫ್ಲಾಯ್ಡನ ಪಾಳೆಯದ ಕಡೆ ಬಂತು. ಇನ್ನೊಂದು ಭಾಗ ಉತ್ತರ ದಡದಿಂದಲೇ ಫಿರಂಗಿ ಹಾರಿಸಿತು. 19ನೆಯ ಲೈಟ್ ಡ್ರಾಗೂನ್ ಕುದುರೆ ಸವಾರರು ಮುಂಜಾವದ ಚಕಮಕಿಯಲ್ಲಿ ಮೈಸೂರಿನ ರಾವುತರನ್ನು ಹಿಮ್ಮೆಟ್ಟಿಸಿದರು. ಆದರೆ ಹಗಲಿಡೀ ಬಿದ್ದ ಗುಂಡಿನ ಮಳೆಗೆ ಫ್ಲಾಯ್ಡನ ಫಿರಂಗಿಗಳೂ ಅವನ್ನು ಎಳೆಯುವ ಎತ್ತುಗಳೂ ಹಾಳಾದವು. ಎತ್ತಿಲ್ಲದ ಫಿರಂಗಿ ಶತ್ರುವಿನ ಸೊತ್ತು. ರಾತ್ರಿ ಸಭೆ ಸೇರಿ, ಸತ್ಯಮಂಗಲದ ಕೋಟೆಯಲ್ಲಿದ್ದವರನ್ನು ಹೊಳೆ ದಾಟಿಸಿಕೊಂಡು, ಮರುದಿನ ಕೊಯಮತ್ತೂರಿನ ಕಡೆ ಹೊರಟರು. ಟಿಪ್ಪು ಬೆನ್ನಟ್ಟಿದ. ಸಂಜೆ ಚೇವೂರಿನ ಬಳಿ ಬೇಲಿಗಳ ಮಧ್ಯೆ ಮತ್ತೆ ಕೈ ಮಿಲಾಯಿಸಿದರು. ಅಲ್ಲಿ ಟಿಪ್ಪುವಿನ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಬುರ್ಹಾನುದ್ದೀನ್ ಸತ್ತ. ಕತ್ತಲಾಗುವ ಹೊತ್ತಿಗೆ ಮೆಡೋಸ್ ಬಂದೇಬಿಟ್ಟ ಎಂಬ ಕೂಗೆದ್ದು ದಾಳಿ ಸಡಿಲಾಯಿತು. ನಿಜಕ್ಕೂ ಮೆಡೋಸ್ ಬೇರೆ ದಾರಿಯಲ್ಲಿ ಮುಂದೆ ಹೋಗಿಬಿಟ್ಟಿದ್ದ. ಇಬ್ಬರೂ ಕೂಡಿದ್ದು 16ರಂದು, ವೇಲಾಡಿಯಲ್ಲಿ.

ನನ್ನ ಪ್ರಕಾರ ಮೂರನೆಯ ಯುದ್ಧದ ತಿರುವು ಇಲ್ಲಿದೆ, ಬೆಂಗಳೂರಿನಲ್ಲಲ್ಲ. ಫ್ಲಾಯ್ಡ್ ಪೂರ್ತಿ ಸೋಲಲಿಲ್ಲ, ಟಿಪ್ಪು ಪೂರ್ತಿ ಗೆಲ್ಲಲಿಲ್ಲ. ಆದರೆ ಮೆಡೋಸ್ ತುಂಬಿಸಿಟ್ಟ ಕೋಟೆಗಳ ಸಾಲು ಹರಿದುಹೋಯಿತು. ಈರೋಡು, ಧಾರಾಪುರ ಒಂದರ ಹಿಂದೊಂದು ಟಿಪ್ಪುವಿನ ವಶವಾದವು. ಗಜ್ಜಲಹಟ್ಟಿಯ ಮೂಲಕ ಶ್ರೀರಂಗಪಟ್ಟಣ ಎಂಬ ಯೋಜನೆ ಅಲ್ಲಿಗೆ ಸತ್ತಿತು. ಬಂಗಾಳದಿಂದ ಗವರ್ನರ್ ಜನರಲ್ ತಾನೇ ಬಂದು ಸೈನ್ಯದ ಅಧಿಕಾರ ವಹಿಸಿಕೊಂಡ. ಅವನು ಲಾರ್ಡ್ ಕಾರ್ನ್‌ವಾಲಿಸ್, 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನ ಮುಂದೆ ಸೋತು ಅಮೆರಿಕ ಕಳೆದವನು. ದಕ್ಷಿಣದ ದಾರಿ ಬಿಟ್ಟು ವೆಲ್ಲೂರಿನ ಕಡೆಯಿಂದ ಘಟ್ಟ ಹತ್ತಿ 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು, ಇಷ್ಟನ್ನು ತೆತ್ತ. ಮಲಬಾರು, ದಿಂಡಿಗಲ್, ಬಾರಾಮಹಲು ಕಂಪನಿಗೆ ಹೋದವು. ಕೊಯಮತ್ತೂರು ಮಾತ್ರ ಮೈಸೂರಿನಲ್ಲೇ ಉಳಿಯಿತು. ಹಾಗಾಗಿ ಇನ್ನೂ ಏಳು ವರ್ಷ ನಾವು ಗಡಿಯವರಾಗಲಿಲ್ಲ.

ಕೊನೆಯ ಅಧ್ಯಾಯ ಮತ್ತೆ ಯುರೋಪಿನ ಯುದ್ಧದ್ದು. 1798ರ ಜನವರಿಯಲ್ಲಿ ಮಾರಿಷಸ್ಸಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್, ಟಿಪ್ಪುವಿನ ನೆರವಿಗೆ ಜನ ಬೇಕೆಂದು ಬಹಿರಂಗವಾಗಿ ಡಂಗುರ ಹೊಡೆಸಿದ. ಬಂದವರು ನೂರರ ಆಸುಪಾಸು. ಇಷ್ಟು ಅಗ್ಗದ ನೆರವಿಗೆ ಇಷ್ಟು ದುಬಾರಿ ಪ್ರಚಾರ ಚರಿತ್ರೆಯಲ್ಲಿ ವಿರಳ. ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿಗೆ ಇಳಿದ. ಆಗಸ್ಟ್ 1ರಂದು ನೈಲ್ ನದಿಯ ಮುಖದಲ್ಲಿ ನೆಲ್ಸನ್ ಅವನ ಹಡಗುಗಳನ್ನು ಸುಟ್ಟ. ನೆಪೋಲಿಯನ್ ಟಿಪ್ಪುವಿಗೆ ಕೈರೋದಿಂದ 1799ರ ಜನವರಿಯಲ್ಲಿ ಬರೆದ ಪತ್ರ ಜೆಡ್ಡಾದಲ್ಲಿ ಇಂಗ್ಲಿಷರ ಕೈ ಸೇರಿತು. ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾದ ನೆಪವೆಲ್ಲ ಸಿಕ್ಕಿತ್ತು. ಕಂಪನಿಯ ಮುಖ್ಯ ದಂಡಿನ ನಾಯಕ ಜನರಲ್ ಹ್ಯಾರಿಸ್ ವೆಲ್ಲೂರಿನಿಂದ ಹೊರಟ. ದಕ್ಷಿಣದ ದಂಡು ದವಸದ ಹೇರಿನೊಡನೆ ನಮ್ಮ ಪೂರ್ವಕ್ಕಿರುವ ಕಾವೇರಿಪುರದ ಕಣಿವೆ ಹತ್ತಿತು. ಗಜ್ಜಲಹಟ್ಟಿಯ ನೆನಪು ಯಾರಿಗೂ ಬೇಡವಾಗಿತ್ತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ.

1799ರ ಜೂನ್ 22ರ ಪಾಲು ಒಡಂಬಡಿಕೆಯಲ್ಲಿ ಕನ್ನಡ ಜಿಲ್ಲೆ ಎನ್ನುತ್ತಿದ್ದ ಕೆನರಾ, ಕೊಯಮತ್ತೂರು, ಧಾರಾಪುರ ಕಂಪನಿಗೆ ಬಂದವು. ಐದು ವರ್ಷದ ಕೃಷ್ಣರಾಜ ಒಡೆಯರಿಗೆ ಉಳಿದ ಮೈಸೂರು, ದಿವಾನರಾಗಿ ಪೂರ್ಣಯ್ಯ. ಇಲ್ಲಿ ನಮಗೆ ಸಂಬಂಧಪಟ್ಟ ಮಾತೆಂದರೆ, ಕಂಪನಿ ಘಟ್ಟದ ಕೆಳಗಿನ ಸೀಮೆಯನ್ನಷ್ಟೇ ತೆಗೆದುಕೊಂಡು ಸುಮ್ಮನಾಗಲಿಲ್ಲ. ಮೇಲಿನ ಬಯಲಿನಲ್ಲಿ ಕಣಿವೆಗಳ ತಲೆಯೆಲ್ಲ ತನ್ನ ಕೈಯಲ್ಲಿರಬೇಕೆಂದು ವೆಲ್ಲೆಸ್ಲಿ ಲೆಕ್ಕ ಹಾಕಿದ. 1768ರಲ್ಲಿ ಮತ್ತು 1790ರಲ್ಲಿ ಮೇಲಿನಿಂದ ಇಳಿದ ಸೈನ್ಯದ ಪೆಟ್ಟು ತಿಂದವರಿಗೆ ಈ ಆಲೋಚನೆ ಬರದಿದ್ದರೆ ಆಶ್ಚರ್ಯ. ಬುಡ ನನ್ನದು, ತಲೆಯೂ ನನ್ನದು. ತಾಳವಾಡಿ, ತಲಮಲೆ, ಹಾಸನೂರಿನ ಸೀಮೆ ಕೊಯಮತ್ತೂರಿನ ಬಾಲವಾಗಿ ಘಟ್ಟದ ಮೇಲೆ ಉಳಿದದ್ದಕ್ಕೆ ನಾನು ಕಾಣುವ ಕಾರಣ ಇದು. ಗಡಿ ತಿದ್ದುವುದು ಆಗ ಅಸಾಧ್ಯವೇನೂ ಆಗಿರಲಿಲ್ಲ. 1803ರ ಕೊನೆಯ ಪೂರಕ ಒಡಂಬಡಿಕೆಯಲ್ಲಿ ಹೊಳಲ್ಕೆರೆ, ಮಾಯಕೊಂಡ, ಹರಿಹರಗಳು ಮೈಸೂರಿಗೆ ಬಂದವು. ನಮ್ಮ ಕಡೆ ಕೈ ಹಾಕಲಿಲ್ಲ.

ಯುದ್ಧ ಮುಗಿದ ಮೇಲೆ ಬಂದದ್ದು ಅಳತೆಯ ಸರಪಳಿ. ಕೊಯಮತ್ತೂರನ್ನು ಮೊದಲು ಉತ್ತರ ದಕ್ಷಿಣ ಎಂದು ಎರಡು ಕಲೆಕ್ಟರಿಕೆ ಮಾಡಿದರು. ಉತ್ತರಕ್ಕೆ ಬಂದ ವಿಲಿಯಂ ಮೆಕ್ಲಿಯೋಡ್, 1792ರಲ್ಲಿ ಸಿಕ್ಕ ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್, ಥಾಮಸ್ ಮನ್ರೋ ಜತೆ ಕಂದಾಯದ ಕೆಲಸ ಕಲಿತವನು. ರೈತನ ಹೆಸರಿಗೇ ಪಟ್ಟಾ ಕೊಟ್ಟು, ಹೊಲ ಹೊಲ ಅಳೆದು ತೀರ್ವೆ ನಿಗದಿ ಮಾಡುವ ರೈತವಾರಿ ಪದ್ಧತಿ ಆ ಬಾರಾಮಹಲಿನಲ್ಲಿ ಹುಟ್ಟಿದ್ದು. ಮೂರನೆಯ ಯುದ್ಧದ ಲೂಟಿಯಲ್ಲಿ ಕಲಿತದ್ದನ್ನು ನಾಲ್ಕನೆಯ ಯುದ್ಧದ ಲೂಟಿಗೆ ಅನ್ವಯಿಸಿದರು. ಇಂದಿಗೂ ನಾವು ಕೇಳುವ ಪಟ್ಟಾ ಎಂಬ ಕಾಗದದ ವಂಶಾವಳಿ ಹೀಗಿದೆ.

ದಣ್ಣಾಯಕನಕೋಟೆಯ ಪ್ರಾಮುಖ್ಯ ಕೆಲವು ಕಾಲ ಉಳಿಯಿತು. ನೀಲಗಿರಿಯನ್ನು ಅಳೆಯಲು 1812ರಲ್ಲಿ ಹತ್ತಿದ ಸರ್ವೇಯರ್ ವಿಲಿಯಂ ಕೀಸ್ ಅಲ್ಲಿಂದಲೇ ಹೊರಟ. 1815ರಿಂದ ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ ಉದಕಮಂಡಲ ಕಟ್ಟುವುದರಲ್ಲಿ ಮುಳುಗಿದ. ಆ ಬೆಟ್ಟಕ್ಕೆ ರಸ್ತೆ, ಕೆರೆ, ಬಂಗಲೆ ಬಂದವು. ಪಕ್ಕದ ನಮ್ಮ ಬೆಟ್ಟ ದಪ್ಪ ಕಾಡು, ಜ್ವರದ ಸೀಮೆ ಎಂಬ ಹೆಸರಿನಲ್ಲೇ ಉಳಿಯಿತು. ಹಾಸನೂರು ಘಾಟಿ ರಸ್ತೆಯಾದ ಮೇಲೆ ಗಜ್ಜಲಹಟ್ಟಿಯ ದಾರಿಯೂ ಆನೆಗಳಿಗೇ ಬಿಟ್ಟುಹೋಯಿತು. ಯಾವ ಕಣಿವೆಯ ಸಲುವಾಗಿ ನಮ್ಮನ್ನು ಕೊಯಮತ್ತೂರಿಗೆ ಕಟ್ಟಿದರೋ ಆ ಕಣಿವೆ ಯಾರಿಗೂ ಬೇಡವಾಯಿತು, ಕಟ್ಟಿದ ಗಂಟು ಮಾತ್ರ ಬಿಚ್ಚಲಿಲ್ಲ.

1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಅದೂ 1799ರಲ್ಲಿ ನಮ್ಮಂತೆಯೇ ಕಂಪನಿಯ ಪಾಲಾಗಿದ್ದ ಸೀಮೆ. ಅದಕ್ಕೂ ನಮಗೂ ಇದ್ದ ವ್ಯತ್ಯಾಸ ಆಡಳಿತದ್ದು. ಕೊಳ್ಳೇಗಾಲ ಒಂದು ಇಡೀ ತಾಲ್ಲೂಕು. ತಾಳವಾಡಿಯೋ, ಬಹುಪಾಲು ಜನ ಘಟ್ಟದ ಕೆಳಗಿದ್ದ ತಾಲ್ಲೂಕಿನ ಒಂದು ತುಂಡು. ತಾಲ್ಲೂಕುಗಳನ್ನು ಎಣಿಸಿ ಹಂಚುವಾಗ ತುಂಡುಗಳಿಗೆ ಪ್ರತ್ಯೇಕ ಲೆಕ್ಕ ಸಿಗುವುದಿಲ್ಲ. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆಯಾಯಿತು, ಮುಂದೆ ಅದಕ್ಕೇ ಈರೋಡು ಎಂದು ಹೆಸರಾಯಿತು. 1980ರಲ್ಲಿ ತಮಿಳುನಾಡು ಸರ್ಕಾರ ಮಣಿಯಗಾರ, ಕರ್ಣಂ ಮೊದಲಾದ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿ ಸಂಬಳದ ಗ್ರಾಮ ಆಡಳಿತ ಅಧಿಕಾರಿಗಳನ್ನು ನೇಮಿಸಿತು. ಟಿಪ್ಪುವಿನ ಕಾಲದಿಂದ ಮೆಕ್ಲಿಯೋಡನ ಕಾಲಕ್ಕೆ ದಾಟಿಯೂ ಬದುಕಿದ್ದ ಏಕೈಕ ಹುದ್ದೆ ಅದಾಗಿತ್ತು.

ಈಚೆಗೆ ತಾಳವಾಡಿಯೇ ಒಂದು ತಾಲ್ಲೂಕಾಗಿದೆ. ಪಟ್ಟಾ ತಿದ್ದಿಸಲು ಹೊರಟ ರೈತ ಈಗ ದಿಂಬಂ ಇಳಿಯಬೇಕಾಗಿಲ್ಲ. ಜಿಲ್ಲಾಧಿಕಾರಿಯನ್ನು ಕಾಣಬೇಕೆಂದರೆ ಮಾತ್ರ ಇಪ್ಪತ್ತೇಳು ತಿರುವೂ ಇಳಿಯಬೇಕು.